ಉದರದ ಬಳೆಯೂ ಜಾತ್ರೆಯ ತೊಟ್ಟಿಲೂ

ಮಾನ್ವಿಯ ಕಡೆಯ ಗೃಹಸ್ಥರೊಬ್ಬರು ನಮಗೊಂದು ಕಾಗದ ಬರೆದಿರುವರು. ಅವರ ಮಗಳಿಗೆ ಮೈತೂಕವನ್ನು ತಗ್ಗಿಸುವ ಸಲುವಾಗಿ ಕೆಲವು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯಾಯಿತು. ಜಠರದ ಮೇಲ್ಭಾಗಕ್ಕೆ ಬಳೆಯಂಥದೊಂದನ್ನು ತೊಡಿಸಿದರು. ಈಗ ಆಕೆಯು ಮಕ್ಕಳನ್ನು ಕರೆದುಕೊಂಡು ಹೈದರಾಬಾದಿನ ವಿಹಾರೋದ್ಯಾನಕ್ಕೆ ಹೋಗಬೇಕೆಂದೂ, ಅಲ್ಲಿನ ಗಿರಗಿರನೆ ತಿರುಗುವ ಮತ್ತು ಧೊಪ್ಪನೆ ಕೆಳಕ್ಕಿಳಿಯುವ ಯಂತ್ರಗಳಲ್ಲಿ ತಾನೂ ಕೂಡ್ರಬೇಕೆಂದೂ ಹಟ ಹಿಡಿದಿರುವಳಂತೆ. "ಬಳೆಯು ಜಾರಿಬಿಟ್ಟರೆ ಗತಿಯೇನು? ಬೇಡವೆಂದು ಹೇಳಲೆ?" ಎಂಬುದು ಅವರ ಪ್ರಶ್ನೆ. ಕಾಗದದ ಕೊನೆಯಲ್ಲಿ ಅವರು ಇನ್ನೊಂದು ಮಾತನ್ನು ಸೇರಿಸಿದ್ದಾರೆ. ಈ ಚಿಕಿತ್ಸೆಯ ಸಂಗತಿಯು ಬೀಗರ ಮನೆಯಲ್ಲಿ ಯಾರಿಗೂ ತಿಳಿಯದಂತೆ. ಆದುದರಿಂದ ತಮ್ಮ ಹೆಸರನ್ನು ಪ್ರಕಟಿಸಬಾರದಂತೆ.

ಹೆಸರನ್ನು ಪ್ರಕಟಿಸುವುದಿಲ್ಲ. ಆದರೆ ನಮ್ಮನ್ನು ಈ ತಿಂಗಳ ಬರಹಕ್ಕೆ ಹಚ್ಚಿದುದು ಆ ಕೊನೆಯ ಮಾತೇ.

ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಗಾಯವು ಚೆನ್ನಾಗಿ ಮಾಯ್ದು, ಬಳೆಯು ಸ್ವಸ್ಥಾನದಲ್ಲಿದ್ದು, ಅನ್ನ ನೀರು ತೊಂದರೆಯಿಲ್ಲದೆ ಇಳಿಯುತ್ತಿದ್ದು, ಶಸ್ತ್ರವೈದ್ಯರು ಒಪ್ಪಿದರೆ ಆಕೆಯು ಏರಬಹುದು. ತಂದೆಯವರು ಅಂಜುತ್ತಿರುವುದು ಎತ್ತರಕ್ಕೆ, ವೇಗಕ್ಕೆ. ಅಂಜತಕ್ಕುದು ಏರುವುದಕ್ಕೆ ಮುಂಚೆ ತಿಂದ ತಿಂಡಿಗೆ, ಇಳಿದ ಮೇಲೆ ಬರಬಹುದಾದ ವಾಂತಿಗೆ, ಮತ್ತು ಮನೆಯವರಿಂದ ಮುಚ್ಚಿಟ್ಟಿರುವ ಆ ಗುಟ್ಟಿಗೆ. ಇದನ್ನು ನಾವು ಪುಸ್ತಕ ನೋಡಿ ಕಲಿತವರಲ್ಲ. ನಮ್ಮದೇ ಒಂದು ತಪ್ಪಿನಿಂದ ಕಲಿತವರು. ಅದನ್ನು ಹೇಳದೆ ಬರಿಯ ಉಪದೇಶ ಮಾಡಿದರೆ ಅದು ಅಪ್ರಾಮಾಣಿಕವಾದೀತು.

ನಮ್ಮ ಶಕ್ತಿನಗರವು ಕೃಷ್ಣೆಯ ದಂಡೆಯಲ್ಲಿ ಉಷ್ಣವಿದ್ಯುತ್ ಸ್ಥಾವರದೊಡನೆ ಹುಟ್ಟಿದ ಊರು. ಅದರ ಮೊದಲನೆಯ ಘಟಕವು ನಡೆಯತೊಡಗಿದ್ದು 1985ರಲ್ಲಿ. ಮುಂದೆ ಎಂಟು ಘಟಕಗಳಾಗಿ 1720 ಮೆಗಾವಾಟ್ ಶಕ್ತಿಯ ಸ್ಥಾವರವಾಯಿತು. ನಾಡಿನ ಎಲ್ಲ ಜಿಲ್ಲೆಗಳಿಂದಲೂ ಬಂದ ಸಂಸಾರಗಳು ಇಲ್ಲಿಯ ವಸತಿಗೃಹಗಳಲ್ಲಿ ಗೋಡೆಗೆ ಗೋಡೆ ಹಚ್ಚಿ ಬಾಳುವುದರಿಂದ, ಬಂಧುಗಳು ಮಾಡಬೇಕಾದ ಕೆಲಸವನ್ನು ನೆರೆಯವರು ಮಾಡುವ ಪದ್ಧತಿಯು ಮೊದಲಿನಿಂದಲೂ ಬೆಳೆದಿದೆ. ನಮ್ಮ ಸಹೋದ್ಯೋಗಿಗಳೊಬ್ಬರ ಮಗಳು ಹೀಗೆಯೇ ನಮ್ಮ ಮನೆಯಲ್ಲಿಯೂ ಅರ್ಧ ಬೆಳೆದವಳು. ನಮ್ಮನ್ನು 'ಕಾಕಾ' ಎನ್ನುವಳು. ಬುದ್ಧಿವಂತೆ, ಬಾಯಿಮಾತಿನ ಗಟ್ಟಿಗಿತ್ತಿ. ಆದರೆ ಹತ್ತನೆಯ ತರಗತಿಯ ಹೊತ್ತಿಗೇ ಮೈ ಬಹಳ ಬಂದಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿಗೆ 112 ಕಿಲೋ ತೂಕ, ಮೊಣಕಾಲಿನ ನೋವು, ಅದರ ಮೇಲೆ ಸಕ್ಕರೆಯ ರೋಗದ ಪ್ರಾರಂಭ.

2010ರಲ್ಲಿ ಓಣಿಯ ಹುಡುಗಿಯರೆಲ್ಲರೂ ಕೂಡಿ ಹೈದರಾಬಾದಿಗೆ ವಿಹಾರಕ್ಕೆ ಹೋದರು. ಅಲ್ಲಿಯ ಒಂದು ಉದ್ಯಾನದಲ್ಲಿ ಹಳಿಯ ಮೇಲೆ ಏರಿಳಿಯುವ ಬಂಡಿಯಲ್ಲಿ ಇವಳು ಕುಳಿತಳು. ಯಂತ್ರದವನು ತೊಡೆಯ ಮೇಲಿನ ಕಬ್ಬಿಣದ ದಂಡವನ್ನು ಒತ್ತಿದನು, ಅದು ಕಚ್ಚಿಕೊಳ್ಳಲಿಲ್ಲ. ಮತ್ತೊಮ್ಮೆ ಒತ್ತಿದನು. ಮೂರನೆಯ ಸಲ ಇನ್ನೊಬ್ಬನನ್ನು ಕರೆದು ಇಬ್ಬರೂ ಕೂಡಿ ಒತ್ತಿದರು. ಆಮೇಲೆ, "ಇಳಿಯಿರಿ" ಎಂದರು. ಅವರು ಮಾಡಿದುದು ನ್ಯಾಯವೇ. ದಂಡವು ಕಚ್ಚಿಕೊಳ್ಳದಿರುವಾಗ ಬಂಡಿಯನ್ನು ಬಿಟ್ಟಿದ್ದರೆ ಅದು ಅಪರಾಧವಾಗುತ್ತಿತ್ತು. ಆದರೆ ಸಾಲಿನಲ್ಲಿ ನಿಂತಿದ್ದ ನೂರಾರು ಜನರ ಮುಂದೆ, ಅವರ ನಗೆಯ ನಡುವೆ, ಆ ಹುಡುಗಿಯು ಇಳಿದು ಬಂದ ಹತ್ತು ಹೆಜ್ಜೆಗಳು ಅವಳಿಗೆ ಎಷ್ಟು ಉದ್ದವಾಗಿದ್ದುವೋ ನಾವು ಬಲ್ಲವರಲ್ಲ. ಮರಳಿ ರಾಯಚೂರು ಬರುವ ತನಕ ಅವಳು ಒಂದು ಮಾತನ್ನೂ ಆಡಲಿಲ್ಲವೆಂದು ಜೊತೆಯವರು ಹೇಳಿದರು.

ವಯಸ್ಸಾದವರಲ್ಲಿ ಅನೇಕರು, "ಆಟದ ಬಂಡಿಯಲ್ಲವೆ, ಅದಕ್ಕೇನು ಅಳುವುದು!" ಎನ್ನುವರು. ನಾವೂ ಅಂದವರೇ. ಆದರೆ ವಿನೋದವನ್ನು ನಮ್ಮ ಹಿರಿಯರು ಅಷ್ಟು ಹಗುರಾಗಿ ಎಣಿಸಿರಲಿಲ್ಲ. ನಮ್ಮ ಈ ಕಡೆಯ ಕಲ್ಯಾಣದಲ್ಲಿಯೇ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜ್ಯವನ್ನು ಗಳಿಸುವುದು, ಉಳಿಸುವುದು ಇವುಗಳಿಗೆ ಎಷ್ಟು ಅಧ್ಯಾಯಗಳೋ ಕ್ರೀಡೆಗಳಿಗೂ ಅಷ್ಟೇ ಅಧ್ಯಾಯಗಳು, ಎಂದರೆ ಇಪ್ಪತ್ತು. ಅವುಗಳಲ್ಲಿ ಆಂದೋಲನ ಕ್ರೀಡೆ, ಅಂದರೆ ಉಯ್ಯಾಲೆಯಾಟವೂ ಒಂದು. ಅರಸನಿಗೆ ಏಕೆ, ನಾಗರ ಪಂಚಮಿ ಬಂದಿತೆಂದರೆ ನಮ್ಮ ಊರುಗಳಲ್ಲಿ ಬೇವಿನ ಮರದ ಕೊಂಬೆಗೆ ಜೋಕಾಲಿ ಕಟ್ಟದ ಓಣಿಯುಂಟೆ? ವರ್ಷವೆಲ್ಲ ತಲೆಬಗ್ಗಿಸಿ ದುಡಿಯುವ ಹೆಣ್ಣುಮಗಳು ಆ ದಿನ ಸೀರೆಯ ಕಚ್ಚೆ ಬಿಗಿದು ಕೊಂಬೆಯ ಎಲೆ ಮುಟ್ಟುವಂತೆ ಜೀಕುವಳು. ಅತ್ತೆಯೂ ಏನೂ ಅನ್ನಲಾರಳು. ಕಬ್ಬಿಣದ ದೊಡ್ಡ ತೊಟ್ಟಿಲು ಆ ಜೋಕಾಲಿಯ ದೂರದ ತಂಗಿ. ಅಮೇರಿಕದ ಶಿಕಾಗೋ ನಗರದ ಪ್ರದರ್ಶನದಲ್ಲಿ ಫೆರಿಸ್ ಎಂಬ ಶಿಲ್ಪಿಯು 1893ರಲ್ಲಿ ನಿಲ್ಲಿಸಿದ ಗಾಲಿಯು 264 ಅಡಿ ಎತ್ತರವಿದ್ದಿತು. ಅದರ 36 ಪೆಟ್ಟಿಗೆಗಳಲ್ಲಿ ಒಂದೊಂದರಲ್ಲಿ 60 ಜನ ಹಿಡಿಯುತ್ತಿದ್ದರು. ನಮ್ಮ ಜಾತ್ರೆಗಳ ತೊಟ್ಟಿಲುಗಳೂ ಅದೇ ಬಗೆಯವು.

ಇನ್ನು ಸ್ಥೂಲಕಾಯದ ವಿಷಯ. ಮೈ ಬಂದವರನ್ನು ಹೊಟ್ಟೆಬಾಕರೆಂದು ಜರೆಯುವುದು ಸುಲಭ. ಚರಕ ಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲನ ಎಂಟು ದೋಷಗಳನ್ನು ಎಣಿಸುವಾಗ ಆಚಾರ್ಯನು ಮಿತಿಮೀರಿದ ಹಸಿವೆಯನ್ನೂ ಬಾಯಾರಿಕೆಯನ್ನೂ ಆ ರೋಗದಿಂದಲೇ ಹುಟ್ಟುವ ದೋಷಗಳೆಂದು ಸೇರಿಸಿರುವನು. ಅತಿಕೃಶನಿಗಿಂತ ಅತಿಸ್ಥೂಲನ ಚಿಕಿತ್ಸೆ ಕಠಿನವೆಂದೂ ಹೇಳಿರುವನು. ಹಸಿವೆಯೇ ರೋಗದ ಅಂಗವಾಗಿರುವಾಗ, "ಕಡಿಮೆ ತಿನ್ನು" ಎಂಬ ಉಪದೇಶ ಮಾತ್ರದಿಂದ ಏನಾದೀತು? ಈ ಹುಡುಗಿಯು ಆ ಉಪದೇಶವನ್ನು ಹತ್ತು ವರ್ಷ ಕೇಳಿದ್ದಳು.

2011ರಲ್ಲಿ ಹೈದರಾಬಾದಿನ ಶಸ್ತ್ರವೈದ್ಯರು ಅವಳಿಗೆ ಬಳೆ ತೊಡಿಸಿದರು. ಇದು ಹೇಗೆ ಕೆಲಸ ಮಾಡುವುದೆಂಬುದನ್ನು ತಿಳಿದರೆ ಮುಂದಿನ ಮಾತೆಲ್ಲವೂ ಸುಲಭವಾಗುವುದು. ಸಿಲಿಕೋನ್ ಎಂಬ ಮೆತ್ತನೆಯ ವಸ್ತುವಿನಿಂದ ಮಾಡಿದ ಬಳೆಯನ್ನು ಜಠರದ ಮೇಲ್ತುದಿಗೆ ಸುತ್ತುವರು. ಅದರಿಂದ ಜಠರವು ಮೇಲೆ ಒಂದು ಪುಟ್ಟ ಚೀಲ, ಕೆಳಗೆ ದೊಡ್ಡ ಚೀಲ ಎಂದು ಎರಡಾಗುವುದು. ನಡುವೆ ಇಕ್ಕಟ್ಟಾದ ಕಂಠ. ಮೇಲಿನ ಚೀಲವು ನಾಲ್ಕಾರು ತುತ್ತಿಗೇ ತುಂಬಿಕೊಳ್ಳುವುದರಿಂದ ಬೇಗನೆ ತೃಪ್ತಿಯಾಗುವುದು. ಬಳೆಯ ಒಳಮೈ ಪೊಳ್ಳು. ಅಲ್ಲಿಂದ ಸಣ್ಣ ನಳಿಕೆಯೊಂದು ಹೊಟ್ಟೆಯ ಚರ್ಮದಡಿಯಲ್ಲಿ ಕೂಡಿಸಿರುವ ಗುಂಡಿಯಂಥ ದ್ವಾರಕ್ಕೆ ಬರುವುದು. ವೈದ್ಯರು ಚರ್ಮದ ಮೇಲಿನಿಂದ ಆ ಗುಂಡಿಗೆ ಸೂಜಿ ಚುಚ್ಚಿ ಉಪ್ಪುನೀರನ್ನು ಏರಿಸಿದರೆ ಬಳೆ ಬಿಗಿಯಾಗುವುದು, ತೆಗೆದರೆ ಸಡಿಲವಾಗುವುದು. ಅಮೇರಿಕದಲ್ಲಿ ಕುಜ್‌ಮಾಕ್ ಎಂಬವರು 1986ರಲ್ಲಿ ಇಂಥ ಬಿಗಿಸಡಿಲಿನ ಬಳೆಯನ್ನು ಬಳಕೆಗೆ ತಂದರು. ಬೆಲ್ಜಿಯಮಿನಲ್ಲಿ ಬೆಲಾಶ್ಯೂ ಎಂಬವರು 1993ರಲ್ಲಿ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕ ಅದನ್ನು ತೊಡಿಸಿದರು. ಈಗ ಹೊಸದಾಗಿ ಬಳೆ ತೊಡಿಸುವುದು ವಿರಳವಾಗಿದೆ. ಜಠರವನ್ನೇ ತೋಳಿನಾಕಾರಕ್ಕೆ ಕತ್ತರಿಸುವ ಚಿಕಿತ್ಸೆಯು ಹೆಚ್ಚು ರೂಢಿಗೆ ಬಂದಿದೆ. ಆದರೂ ಹಿಂದೆ ತೊಟ್ಟವರು ನಮ್ಮ ನಡುವೆ ಇದ್ದೇ ಇರುವರು.

ಬಳೆಯನ್ನು ಸುಮ್ಮನೆ ಜೋತುಬಿಟ್ಟಿರುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಜಠರದ ಗೋಡೆಯ ಒಂದು ಮಡಿಕೆಯನ್ನು ಅದರ ಮೇಲೆ ಹೊದಿಸಿ ಹೊಲಿಗೆ ಹಾಕಿರುವರು. ಕೆಲವು ವಾರಗಳಲ್ಲಿ ಸುತ್ತಲೂ ಗಾಯದ ನಾರು ಬೆಳೆದು ಅದನ್ನು ಹಿಡಿದುಕೊಳ್ಳುವುದು. ಬಂಡಿಯು ಮೇಲಿನಿಂದ ಕೆಳಕ್ಕೆ ಧುಮುಕುವಾಗ ಹೊಟ್ಟೆಯೊಳಗೆ ಜುಮ್ಮೆನ್ನುವುದಷ್ಟೆ. ಆ ಅನುಭವವು ಎಲ್ಲರಿಗೂ ಆಗತಕ್ಕುದು, ಒಂದೆರಡು ಕ್ಷಣಗಳದು. ಅದನ್ನು ಕಂಡೇ ಜನರು 'ಬಳೆ ಕಳಚೀತು' ಎಂದು ಹೆದರುವರು. ಆದರೆ ಬಲವಾದ ವಾಂತಿಯ ಸ್ವರೂಪವೇ ಬೇರೆ. ಆಗ ಉದರದ ಸ್ನಾಯುಗಳು ಜಠರವನ್ನು ಹಿಂಡಿ ಕೆಳಗಿನಿಂದ ಮೇಲಕ್ಕೆ ನೂಕುವವು. ಹಾಗೆ ಪದೇ ಪದೇ ಆದರೆ ಬಳೆಯ ಕೆಳಗಿರಬೇಕಾದ ಭಾಗವು ಬಳೆಯೊಳಗಿನಿಂದ ಮೇಲಕ್ಕೆ ನುಸುಳುವುದು. ಬಳೆ ಜಾರಿತೆಂದು ನಾವು ಅನ್ನುವೆವಾದರೂ ಜಾರುವುದು ಜಠರ. ಜಾರಿದ ಮೇಲೆ ಕಂಠವು ಮತ್ತಷ್ಟು ಇಕ್ಕಟ್ಟಾಗಿ ಮತ್ತಷ್ಟು ವಾಂತಿ.

ಒಂದು ವರ್ಷದಲ್ಲಿ ಹುಡುಗಿಯು ಮೂವತ್ತು ಕಿಲೋ ಇಳಿದಳು. ಸಕ್ಕರೆ ಹತೋಟಿಗೆ ಬಂದಿತು. ಹತ್ತಿರದ ಊರಿನಿಂದಲೇ ಒಳ್ಳೆಯ ಸಂಬಂಧವೂ ಬಂದಿತು. ಆಗ ಅವಳ ತಂದೆಯು ಒಂದು ಸಂಜೆ ನಮ್ಮಲ್ಲಿಗೆ ಬಂದು, "ಗಂಡಿನವರಿಗೆ ಹೇಳಬೇಕೆ?" ಎಂದು ಕೇಳಿದರು. ನಾವು ಸಂಸ್ಕೃತ ಓದಿದವರು, ನ್ಯಾಯಾನ್ಯಾಯ ಬಲ್ಲವರು ಎಂಬ ವಿಶ್ವಾಸದಿಂದ ಕೇಳಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡೆಂಬ ಗಾದೆಯನ್ನು ನಾವು ಹೇಳಿದೆವು. ಇಲ್ಲಿ ಸುಳ್ಳನ್ನೂ ಹೇಳುವ ಕಾರಣವಿಲ್ಲ, ಸುಮ್ಮನಿದ್ದರೆ ಸಾಕು. ಮುಂದೆ ಸಮಯ ನೋಡಿ ಗಂಡನಿಗೆ ಹೇಳಿದರಾಯಿತು, ಎಂದೆವು. ಹುಡುಗಿಯು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಒಂದು ಮಾತು ಕೇಳಬೇಕೆಂದು ನಮಗೆ ತೋಚಲಿಲ್ಲ.

2012ರ ಬೇಸಿಗೆಯಲ್ಲಿ ಮದುವೆಯಾಯಿತು. ಅದೇ ವರ್ಷದ ಚಳಿಗಾಲದಲ್ಲಿ ದೇವಸೂಗೂರಿನ ಸೂಗೂರೇಶ್ವರ ಜಾತ್ರೆಗೆ ಹೊಸ ಸೊಸೆಯನ್ನು ಕರೆದುಕೊಂಡು ಅತ್ತೆಯವರು ಬಂದರು. ದೇವರ ದರ್ಶನವಾಯಿತು. ಜಾತ್ರೆಗೆ ಬಂದು ಮಿರ್ಚಿ ಮಂಡಕ್ಕಿ ತಿನ್ನದೆ ಹೋಗುವುದುಂಟೆ? ಅತ್ತೆಯು ಪ್ರೀತಿಯಿಂದ ಎರಡು ಬಿಸಿ ಮಿರ್ಚಿ ಹೆಚ್ಚಾಗಿಯೇ ಹಾಕಿಸಿ, ಮೇಲೊಂದು ಗೋಲಿ ಸೋಡಾ ಕೊಡಿಸಿದರು. ಬೇಡವೆನ್ನಲು ಸೊಸೆಗೆ ಕಾರಣ ಹೇಳುವಂತಿರಲಿಲ್ಲ. ಬಳೆ ತೊಟ್ಟವರು ಒಂದೊಂದು ತುತ್ತನ್ನೂ ನುಣ್ಣಗೆ ಅಗಿದು, ನಿಧಾನವಾಗಿ ನುಂಗಬೇಕು. ಉಣ್ಣುವಾಗ ನೀರು ಕುಡಿಯಬಾರದು. ಬುರುಗಿನ ಪಾನಕಗಳಂತೂ ವರ್ಜ್ಯ. ಇವೆಲ್ಲವೂ ಅವಳಿಗೆ ಕಂಠಪಾಠವಾಗಿದ್ದುವು. ಆದರೂ ಗಡಿಬಿಡಿಯಲ್ಲಿ ನುಂಗಿದಳು. ಕೂಡಲೇ ನಾದಿನಿಯರು ಕೈ ಹಿಡಿದೆಳೆದು ಬ್ರೇಕ್ ಡ್ಯಾನ್ಸ್ ಎಂಬ ತಿರುಗುವ ಕುರ್ಚಿಗಳ ಯಂತ್ರಕ್ಕೆ ಕರೆದೊಯ್ದರು. ಎರಡು ವರ್ಷದ ಹಿಂದೆ ಕಚ್ಚಿಕೊಳ್ಳದಿದ್ದ ದಂಡವು ಈಗ ಕಚ್ಚಿಕೊಂಡಿತು; ಆ ಸಂತೋಷದಲ್ಲಿ ಉಳಿದುದೆಲ್ಲ ಮರೆತೆನೆಂದು ಅವಳೇ ಆಮೇಲೆ ನಮಗೆ ಹೇಳಿದಳು.

ಆ ರಾತ್ರಿ ವಾಂತಿ ಪ್ರಾರಂಭವಾಯಿತು. ಮರುದಿನ ನೀರೂ ನಿಲ್ಲಲಿಲ್ಲ, ಉಗುಳನ್ನೂ ನುಂಗಲಾರದಾದಳು. ಹೊಸ ಸೊಸೆಯು ವಾಂತಿ ಮಾಡಿಕೊಂಡರೆ ಮನೆಯವರು ಏನೆಂದು ತಿಳಿಯುವರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ. ಅತ್ತೆಯು ಹಿಗ್ಗಿದರು, ನೆರೆಮನೆಗಳಿಗೆ ಸುದ್ದಿ ಹೋಯಿತು, ನಿಂಬೆಯ ಪಾನಕ, ಶುಂಠಿಯ ರಸ ಎಂದು ಇನ್ನಷ್ಟು ಕುಡಿಸಿದರು. ಹುಡುಗಿಯು ಎರಡು ರಾತ್ರಿ ಬಾಯಿ ಬಿಡಲಿಲ್ಲ. ಮೂರನೆಯ ಬೆಳಗಿನಲ್ಲಿ, ಕಣ್ಣು ಕತ್ತಲೆಗಟ್ಟಿ ಬಿದ್ದ ಮೇಲೆ, ಗಂಡನಿಗೆ ಹೇಳಿದಳು. ಆ ಪುಣ್ಯಾತ್ಮನು ಒಂದು ಪ್ರಶ್ನೆಯನ್ನೂ ಕೇಳದೆ ಗಾಡಿ ತರಿಸಿದನು. ರಾಯಚೂರಿನಲ್ಲಿ ಎಕ್ಸ್‌ರೇ ತೆಗೆಯಲಾಗಿ, ಓರೆಯಾಗಿ ಒಂದು ಗೆರೆಯಂತೆ ಕಾಣಬೇಕಾಗಿದ್ದ ಬಳೆಯು ಗುಂಡಗೆ ಸೊನ್ನೆಯಂತೆ ಕಂಡಿತು. ಜಾರಿದ ಗುರುತು ಅದು. ಹೈದರಾಬಾದಿಗೆ ಒಯ್ದರು. ಸೂಜಿ ಚುಚ್ಚಿ ಬಳೆಯೊಳಗಿನ ನೀರನ್ನು ತೆಗೆದೊಡನೆ ಅವಳು ಮೂರು ದಿನಗಳಲ್ಲಿ ಮೊದಲ ಸಲ ಒಂದು ಗುಟುಕು ನೀರು ನುಂಗಿದಳು. ಅವಳ ಅದೃಷ್ಟಕ್ಕೆ ಅಷ್ಟರಿಂದಲೇ ಜಠರವು ತನ್ನ ಸ್ಥಾನಕ್ಕೆ ಮರಳಿತು. ಎಲ್ಲರಿಗೂ ಹಾಗಾಗದು, ಕೆಲವರಿಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಬೇಕಾಗುವುದು. ಜಾರಿದ ಭಾಗಕ್ಕೆ ರಕ್ತ ಹರಿಯುವುದು ನಿಂತರಂತೂ ಪ್ರಾಣಕ್ಕೇ ಸಂಚಕಾರ.

ನಾವು ನೋಡಲು ಹೋದಾಗ ಅತ್ತೆಯವರು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತಿದ್ದರು. "ಮಾಸ್ತರ್ರೆ, ಸೊಸಿ ಬಸುರಿ ಅಂತ ನಾ ಊರಿಗೆಲ್ಲಾ ಹೇಳಿ ಬಂದೀನಿ. ಹೊಟ್ಯಾಗ ಕೂಸಲ್ಲ, ಬಳಿ ಅದ ಅಂತ ಈಗ ಹೇಳಾಕತ್ಯಾರ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲ ಹೇಳಿದ್ರ ನಾ ಏನು ಆಕೀನ್ನ ಹೊರಗ ಹಾಕ್ತಿದ್ನೇನ್ರಿ? ಮಿರ್ಚಿ ತಿನ್ನಸ್ತಿದ್ದಿಲ್ಲ, ಅಷ್ಟ," ಎಂದರು. ಸುಮ್ಮನಿರೆಂದು ಬುದ್ಧಿ ಹೇಳಿದವರು ನಾವೇ ಎಂಬುದನ್ನು ಅಲ್ಲಿಯೇ ಒಪ್ಪಿಕೊಂಡೆವು. ಅವರು ನಮ್ಮ ಮುಖವನ್ನು ನೋಡಿದರು, ಏನೂ ಅನ್ನಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ ನಮಗೆ ಅಂಥ ಮೌನದ ಮುಂದೆ ನಿಂತ ನೆನಪು ಬೇರೆ ಇಲ್ಲ.

ಮಾನ್ವಿಯ ಮಹನೀಯರೇ, ಇಷ್ಟು ಉದ್ದಕ್ಕೆ ಹೇಳಿದುದೇಕೆಂದರೆ ನಿಮ್ಮ ಮಗಳಿಗೆ ಉದ್ಯಾನದಲ್ಲಿ ಏನಾದರೂ ಆದರೆ ಅವಳ ಪಕ್ಕದಲ್ಲಿರುವವರು ನೀವಲ್ಲ, ಬೀಗರ ಮನೆಯವರು. ಅವರಿಗೆ ತಿಳಿದಿರಬೇಕು.

ಆ ಜಾತ್ರೆಯ ತರುವಾಯ ನಾಲ್ಕು ವರ್ಷ ಅವಳು ಯಾವ ತೊಟ್ಟಿಲನ್ನೂ ಏರಲಿಲ್ಲ. ಹೈದರಾಬಾದಿನ ಹೊರಗೆ ವಂಡರ್‌ಲಾ ಎಂಬ ದೊಡ್ಡ ವಿಹಾರೋದ್ಯಾನವು 2016ರಲ್ಲಿ ತೆರೆಯಿತಷ್ಟೆ. ಮರುವರ್ಷ ಆ ಎರಡೂ ಮನೆಗಳವರು ಅಲ್ಲಿಗೆ ಹೊರಟು ನಮ್ಮನ್ನೂ ಕರೆದರು. ಹೊರಡುವ ಮುಂಚೆ ಅವಳು ತನ್ನ ಶಸ್ತ್ರವೈದ್ಯರನ್ನು ಕಂಡು, ಬಳೆಯ ಸ್ಥಿತಿಯನ್ನು ಪರೀಕ್ಷೆ ಮಾಡಿಸಿ, ಒಪ್ಪಿಗೆ ಪಡೆದಳು. ಅಂದು ಅವಳು ನಡೆದುಕೊಂಡ ರೀತಿಯನ್ನು ನಾವು ಬೆಂಚಿನ ಮೇಲೆ ಎಲ್ಲರ ಚೀಲಗಳನ್ನು ಕಾಯುತ್ತ ಕುಳಿತು ನೋಡಿದೆವು. ಅದಕ್ಕಿಂತ ಒಳ್ಳೆಯ ಪಾಠವನ್ನು ನಾವು ರಚಿಸಲಾರೆವು.

ಬೆಳಿಗ್ಗೆ ಬೇಗ ಮೆತ್ತನೆಯ ಗಂಜಿಯಂಥದನ್ನು ಸ್ವಲ್ಪ ಉಂಡಿದ್ದಳು. ಆಮೇಲೆ ಎರಡು ಮೂರು ಗಂಟೆ ಕಳೆಯುವ ತನಕ ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಬರಿಯ ಹೊಟ್ಟೆಯೂ ಒಳ್ಳೆಯದಲ್ಲ, ತುಂಬಿದ ಹೊಟ್ಟೆಯಂತೂ ಸಲ್ಲದು. ನೀರಿನ ಬಾಟಲಿಯನ್ನು ಗಂಡನ ಕೈಗೆ ಕೊಟ್ಟು ಹತ್ತು ನಿಮಿಷಕ್ಕೊಮ್ಮೆ ಒಂದು ಗುಟುಕು ಕುಡಿಯುತ್ತಿದ್ದಳು. ಜಠರವು ಸಣ್ಣದಾದವರು ಬಾಯಾರಿದಾಗ ಗಟಗಟನೆ ಕುಡಿಯಲಾರರು. ನಮ್ಮ ಕಡೆಯ 40 ಡಿಗ್ರಿಯ ಬಿಸಿಲಿನಲ್ಲಿ ಅವರಿಗೆ ನೀರಿನಂಶ ಬೇಗ ಕಡಿಮೆಯಾಗಿ ತಲೆ ತಿರುಗುವುದು. ಅದನ್ನು ಯಂತ್ರದ ದೋಷವೆಂದು ತಿಳಿಯುವರು. ರಕ್ತದೊತ್ತಡದ ಅಥವಾ ಸಕ್ಕರೆಯ ಗುಳಿಗೆಗಳನ್ನು ತೂಕ ಇಳಿದ ಮೇಲೂ ಹಳೆಯ ಪ್ರಮಾಣದಲ್ಲಿಯೇ ನುಂಗುತ್ತಿದ್ದರೂ ಹಾಗೆಯೇ ಆಗುವುದುಂಟು. ಇದು ಬಳೆಯವರಿಗಷ್ಟೇ ಅಲ್ಲ, ಜಠರವನ್ನು ಕತ್ತರಿಸಿಕೊಂಡವರಿಗೂ ಸಲ್ಲುವ ಮಾತು.

ಯಂತ್ರಗಳನ್ನು ಅವಳು ಆರಿಸಿದ ಕ್ರಮವು ನಮಗೆ ಆಶ್ಚರ್ಯವನ್ನುಂಟುಮಾಡಿತು. ಎತ್ತರದಿಂದ ಬೀಳುವುದಕ್ಕಿಂತ ನೆಲಮಟ್ಟದಲ್ಲಿ ಗಿರಗಿರನೆ ತಿರುಗುವ ಬಟ್ಟಲುಗಳಿಗೇ ಹೆಚ್ಚು ಹೆದರಿದಳು. ಕಾರಣವುಂಟು. ನಮ್ಮ ಕಿವಿಯ ಒಳಭಾಗದಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ಅವುಗಳೊಳಗಿನ ದ್ರವದ ಚಲನೆಯಿಂದ ದೇಹವು ತಿರುಗುತ್ತಿರುವುದನ್ನು ಮಿದುಳು ಅರಿಯುವುದು. ಸುತ್ತುವುದು ನಿಂತ ಮೇಲೂ ದ್ರವವು ಕ್ಷಣಕಾಲ ಓಡುತ್ತಲೇ ಇರುವುದು. ನಿಂತಿದ್ದೇವೆಂದು ಕಣ್ಣು, ತಿರುಗುತ್ತಿದ್ದೇವೆಂದು ಕಿವಿ. ಈ ವ್ಯಾಜ್ಯದ ತೀರ್ಪೇ ವಾಂತಿ. ಬಸ್ಸಿನಲ್ಲಿ ಕುಳಿತು ಪುಸ್ತಕ ಓದಿದರೆ ತಲೆ ಸುತ್ತುವವರು ಇಂಥ ಯಂತ್ರಗಳನ್ನು ಬಿಟ್ಟುಬಿಡುವುದೇ ಮೇಲು. ವಾಂತಿ ತಡೆಯುವ ಗುಳಿಗೆಯೊಂದನ್ನು ನುಂಗಿ ಏರಿದರಾಯಿತೆನ್ನುವವರು ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ಬಳೆಯ ಇಕ್ಕಟ್ಟಿನಲ್ಲಿ ಗುಳಿಗೆಯೇ ಸಿಕ್ಕಿಕೊಳ್ಳುವುದುಂಟು.

ಅವಳು ಮೊದಲು ದೊಡ್ಡ ತೊಟ್ಟಿಲನ್ನು ಏರಿ ಇಳಿದು, ಅರ್ಧ ಗಂಟೆ ನಮ್ಮ ಬಳಿ ಕುಳಿತಳು. ಏನೂ ಆಗಲಿಲ್ಲ. ಆಮೇಲೆ ಏರಿಳಿಯುವ ಬಂಡಿಯ ಬಳಿಗೆ ಹೋಗಿ, ದಂಡವು ಎಲ್ಲಿ ಒತ್ತುವುದೆಂದು ಯಂತ್ರದವನನ್ನು ಕೇಳಿದಳು. ಇದು ಮುಖ್ಯವಾದ ಪ್ರಶ್ನೆ. ಚರ್ಮದಡಿಯ ಗುಂಡಿಯು ಸಾಮಾನ್ಯವಾಗಿ ಹೊಟ್ಟೆಯ ಮೇಲ್ಭಾಗದಲ್ಲಿರುವುದು. ಬಂಡಿಯು ತಗ್ಗಿನಲ್ಲಿ ರಭಸದಿಂದ ಮೇಲೇಳುವಾಗ ದೇಹದ ಭಾರವು ಕ್ಷಣಮಾತ್ರ ಮೂರು ನಾಲ್ಕು ಪಾಲಾಗುವುದು. ಗಕ್ಕನೆ ತಡೆದು ನಿಲ್ಲಿಸುವಾಗ ಮೈ ಮುಂದಕ್ಕೆ ನುಗ್ಗಿ ಹೊಟ್ಟೆಯು ದಂಡಕ್ಕೆ ಒತ್ತುವುದು. ಆ ಕಬ್ಬಿಣವು ಗುಂಡಿಯ ಮೇಲೆಯೇ ಕುಳಿತಿದ್ದರೆ ನೋವಾಗುವುದು, ಗುಂಡಿ ಹೊರಳುವ ಅಥವಾ ನಳಿಕೆ ಕಳಚುವ ಭಯವೂ ಉಂಟು. ತೊಡೆಯ ಮೇಲೆ ಕೂಡ್ರುವ ದಂಡವಾದರೆ ಚಿಂತೆಯಿಲ್ಲ. ಹೊಟ್ಟೆಯ ಮೇಲೆ ಬರುವುದಾದರೆ ಆ ಯಂತ್ರವನ್ನು ಬಿಡತಕ್ಕುದು. ಬಹಳ ತೂಕ ಇಳಿದವರಿಗೆ ಸಡಿಲಾದ ಚರ್ಮವು ದಂಡದಡಿಯಲ್ಲಿ ಸಿಕ್ಕಿ ಚಿವುಟುವುದುಂಟು. ಒಳಗೆ ಮೈಗೆ ಅಂಟಿದ ಬಟ್ಟೆ ತೊಟ್ಟಿರಬೇಕು.

ಇನ್ನೊಂದು ಸೂಕ್ಷ್ಮವನ್ನು ಅವಳ ಬಾಯಿಂದಲೇ ಕೇಳಿ ಕಲಿತೆವು. ಇಬ್ಬರಿಗೆ ಒಂದೇ ದಂಡವಿರುವ ಕುರ್ಚಿಯಲ್ಲಿ ಅದು ದಪ್ಪಗಿರುವವರ ತೊಡೆಗೆ ತಾಗಿ ನಿಲ್ಲುವುದು. ಪಕ್ಕದ ತೆಳ್ಳನೆಯವರಿಗೂ ದಂಡಕ್ಕೂ ನಡುವೆ ಗೇಣು ಜಾಗ ಉಳಿಯುವುದು. ಜಾತ್ರೆಯಲ್ಲಿ ತಾಯಂದಿರು ಮಗುವನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ದಂಡ ಬಿದ್ದಿತೆಂದು ನೆಮ್ಮದಿಯಿಂದಿರುವುದನ್ನು ನೋಡಿದ್ದೇವೆ. ಆ ದಂಡವು ಮಗುವನ್ನು ಹಿಡಿದಿರುವುದಿಲ್ಲ. "ಮೊದಲು ನಾನು ಕುಳಿತರೆ ಪಕ್ಕದವರು ಸಡಿಲಾಗುತ್ತಿದ್ದರು, ಈಗ ನಮ್ಮತ್ತೆ ಪಕ್ಕ ಕುಳಿತರೆ ನಾನು ಸಡಿಲು, ಕಾಕಾ," ಎಂದು ನಕ್ಕಳು. ತನ್ನಷ್ಟೇ ಮೈಕಟ್ಟಿನ ನಾದಿನಿಯನ್ನು ಜೊತೆಗೆ ಕರೆದುಕೊಂಡಳು.

ದಂಡವು ಕಟಕ್ಕೆಂದು ಕಚ್ಚಿಕೊಂಡಿತು. ಯಂತ್ರದವನು ರೂಢಿಯಂತೆ ಒಮ್ಮೆ ಎಳೆದು ನೋಡಿ ಮುಂದಿನ ಸಾಲಿಗೆ ಹೋದನು. ಅವನಿಗೆ ಅದೇನು ವಿಶೇಷ? ಅವಳು ಮಾತ್ರ ನಮ್ಮ ಬೆಂಚಿನ ಕಡೆಗೆ ತಿರುಗಿ ಎರಡೂ ಕೈಗಳಿಂದ ಆ ದಂಡವನ್ನು ಮುಟ್ಟಿ ತೋರಿಸಿದಳು. ಬಂಡಿ ಹೊರಟುಹೋಯಿತು. ನಮ್ಮ ಪಕ್ಕದಲ್ಲಿ ಅತ್ತೆಯವರು ಕಣ್ಣು ಮುಚ್ಚಿಕೊಂಡು ಸೂಗೂರಯ್ಯನ ಹೆಸರು ಹೇಳುತ್ತಿದ್ದರು.

ಯಾರು ಯಾವಾಗ ಏರಬಾರದೆಂಬುದನ್ನೂ ಹೇಳಿಬಿಡುವೆವು. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ನಾಲ್ಕಾರು ವಾರ ಭಾರ ಎತ್ತುವುದನ್ನೇ ಬೇಡವೆನ್ನುವರು. ಆಗ ಇಂಥ ಯಂತ್ರಗಳ ಮಾತೇ ಇಲ್ಲ. ಆಮೇಲಿನ ಗಡುವನ್ನು ಹೇಳತಕ್ಕವರು ಕೊಯ್ದ ವೈದ್ಯರು, ನೆರೆಯವರಲ್ಲ, ನಾವೂ ಅಲ್ಲ. ಬಳೆಗೆ ಹೊಸದಾಗಿ ನೀರು ಏರಿಸಿದ ದಿನಗಳಲ್ಲಿ ಎಷ್ಟು ಬಿಗಿಯಾಗಿದೆಯೆಂಬುದು ತಿಳಿಯುವ ತನಕ ಕಾಯಬೇಕು. ನುಂಗುವಾಗ ಸಿಕ್ಕಿಕೊಂಡಂತಾಗುವುದು, ರಾತ್ರಿ ಮಲಗಿದಾಗ ಹುಳಿನೀರು ಗಂಟಲಿಗೆ ಬರುವುದು, ಗಾಯದ ಹತ್ತಿರ ಉಬ್ಬು ಕಾಣುವುದು, ಇವುಗಳಲ್ಲಿ ಒಂದಿದ್ದರೂ ಮೊದಲು ಆಸ್ಪತ್ರೆ. ಗರ್ಭಿಣಿಯರು ಏರಬಾರದೆಂಬುದು ಎಲ್ಲ ಯಂತ್ರಗಳ ಫಲಕಗಳಲ್ಲಿಯೂ ಇರುವುದು. ಇಳಿದ ಮೇಲೆ ಒಂದೆರಡು ಸಲ ವಾಂತಿಯಾಗಿ ನಿಂತರೆ ಆ ದಿನವೆಲ್ಲ ಬರಿಯ ಗುಟುಕು ನೀರಿನಲ್ಲಿದ್ದು ವೈದ್ಯರಿಗೆ ತಿಳಿಸಬೇಕು. ನಿಲ್ಲದಿದ್ದರೆ, ನೀರೂ ಇಳಿಯದಿದ್ದರೆ, ಮೇಲುಹೊಟ್ಟೆಯಲ್ಲಿ ಅಥವಾ ಎದೆಯಲ್ಲಿ ತೀವ್ರವಾದ ನೋವಿದ್ದರೆ ಅದೇ ಗಳಿಗೆಯಲ್ಲಿ ಹೊರಡಬೇಕು. ಶುಂಠಿಯ ರಸ ಕುಡಿಸುತ್ತ ಕೂಡ್ರಬಾರದು.

ಜಾತ್ರೆಯ ಯಂತ್ರಗಳ ಬಗೆಗೆ ಪ್ರತ್ಯೇಕವಾಗಿ ಒಂದು ಮಾತು. ಅವು ನಾಲ್ಕು ದಿನಕ್ಕೊಂದು ಊರಿನಲ್ಲಿ ಬಿಚ್ಚಿ ಕಟ್ಟುವಂಥವು. ಊರಿಗೇ ಸ್ಥಿರವಾದ ಯಂತ್ರವೂ ಮುರಿಯುವುದುಂಟು. ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ 2019ರ ಜುಲೈಯಲ್ಲಿ ಲೋಲಕದಂತೆ ತೂಗುವ ಯಂತ್ರವೊಂದು ಮುರಿದುಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ದಂಡಕ್ಕೆ ಬೀಗವಿಲ್ಲದೆ ಹಗ್ಗ ಕಟ್ಟಿರುವ, ಕೊಂಡಿಯ ಬದಲು ತಂತಿ ಸುತ್ತಿರುವ ತೊಟ್ಟಿಲನ್ನು ಬಳೆಯಿಲ್ಲದವರೂ ಏರಬಾರದು. ಇಳಿಯಬೇಕೆಂದು ಕೂಗಿದರೆ ಯಂತ್ರದವನು ನಿಲ್ಲಿಸುವನೇ ಎಂದು ಮೊದಲೇ ಕೇಳಿಕೊಂಡಿರಬೇಕು. ಬಹಳ ಮಂದಿ ನಾಚಿಕೆಯಿಂದ ಕೇಳುವುದಿಲ್ಲ.

ಈಗ ಅವಳ ಕೈಚೀಲದಲ್ಲಿ ಯಾವಾಗಲೂ ಒಂದು ದಪ್ಪ ಕಾಗದದ ಚೀಟಿ ಇರುವುದು. ಹೊಟ್ಟೆಯಲ್ಲಿ ಬಳೆಯಿದೆಯೆಂದೂ, ನಿಲ್ಲದ ವಾಂತಿಯಾದರೆ ಮೊದಲು ಅದರ ನೀರನ್ನು ತೆಗೆಯಬೇಕೆಂದೂ, ಶಸ್ತ್ರವೈದ್ಯರ ದೂರವಾಣಿ ಸಂಖ್ಯೆ ಇದೆಂದೂ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ಬರೆದಿದೆ. ನಮ್ಮ ಗಡಿಸೀಮೆಯಲ್ಲಿ ಯಾವ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬೀಳುವೆವೋ ಹೇಳಲಾಗದಷ್ಟೆ. ಕನ್ನಡದ ಭಾಗವನ್ನು ಬರೆದುಕೊಟ್ಟವರು ನಾವು. ಅದರ ಇನ್ನೊಂದು ಪ್ರತಿಯು ಅತ್ತೆಯವರ ಎಲೆಯಡಿಕೆಯ ಸಂಚಿಯಲ್ಲಿದೆ. ಅವರಿಗೆ ಓದಲು ಬಾರದು. ಆದರೆ ಜಾತ್ರೆಗೆ ಹೊರಡುವಾಗಲೆಲ್ಲ ಸಂಚಿಯನ್ನು ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗೆ ಆ ಚೀಟಿ ಇದೆಯೇ ಎಂದು ಮುಟ್ಟಿ ನೋಡಿಕೊಂಡೇ ಹೊಸ್ತಿಲು ದಾಟುವರು.